ರಜೆಯಲ್ಲಿ ಎಲ್ಲಿಗೆ ಹೋಗೋಣ?

ಶಾಲೆಗೆ ಬೇಸಿಗೆಯ ಬೀಗ ಬಿತ್ತೆಂದರೆ ಮನೆಮನೆಯಲ್ಲಿಯೂ ಏಳುವ ಪ್ರಶ್ನೆ ಇದು. ಹಿಂದೆ ಇದಕ್ಕೆ ಉತ್ತರ ಹುಡುಕಬೇಕಾಗಿರಲಿಲ್ಲ. ಅಜ್ಜನ ಮನೆ ಇತ್ತು. ಅಲ್ಲಿ ಹತ್ತು ಮಂದಿ ಮಕ್ಕಳು ಸೇರುತ್ತಿದ್ದರು. ಮಾವು, ಹಲಸು ಮುಗಿಯುವುದರೊಳಗೆ ರಜೆಯೂ ಮುಗಿಯುತ್ತಿತ್ತು. ಈಗ ಹಲವು ಮನೆಗಳಲ್ಲಿ ಅಜ್ಜ ಇದ್ದಾರೆ, ಮಕ್ಕಳಿಲ್ಲ. ಆದುದರಿಂದ ರಜೆಯನ್ನೂ ಅಂಗಡಿಯ ಸಾಮಾನಿನಂತೆ ದುಡ್ಡು ಕೊಟ್ಟು ಕೊಳ್ಳುವ ಕಾಲ ಬಂದಿದೆ.

ಕಳೆದ ಬೇಸಿಗೆಯಲ್ಲಿ ಏಳನೆಯ ತರಗತಿ ಮುಗಿಸಿದ ನಮ್ಮ ಮಗಳು ಮೊಬೈಲಿನಲ್ಲಿ ಒಂದು ರೆಸಾರ್ಟಿನ ಚಿತ್ರಗಳನ್ನು ತೋರಿಸಿದಳು. ಬೆಟ್ಟದ ಬುಡ, ಸುತ್ತ ಕಾಡು, ಅಂಗಳದಲ್ಲಿಯೇ ಸಹಜ ಬುಗ್ಗೆಯ ಕೊಳ. ಒಂದು ರಾತ್ರಿಯ ಬಾಡಿಗೆ ನಮ್ಮ ಮನೆಯ ಅರ್ಧ ತಿಂಗಳ ದಿನಸಿಯ ಲೆಕ್ಕಕ್ಕೆ ಸರಿಹೋಗುತ್ತಿತ್ತು. ನೋಡಿ ಸುಮ್ಮನಾದೆವು. ಮೇಷ್ಟ್ರು ಸುಮ್ಮನಾದರೆ ಮನೆಯವರಿಗೆ ಅರ್ಥವಾಗುತ್ತದೆ.

ಅದೇ ವಾರ ಎಮ್ಮಿಗನೂರಿನಿಂದ ಗೆಳೆಯರೊಬ್ಬರ ದೂರವಾಣಿ ಕರೆ ಬಂತು. ಅವರೂ ನಾವೂ ಟಿ.ಸಿ.ಎಚ್. ತರಬೇತಿಯಲ್ಲಿ ಒಂದೇ ಕೊಠಡಿಯಲ್ಲಿದ್ದವರು. ಈಗ ಅವರು ಆ ಕಡೆಯ ಕನ್ನಡ ಶಾಲೆಯೊಂದರಲ್ಲಿ ಅಧ್ಯಾಪಕರು. ಮಾತಿನ ನಡುವೆ ರೆಸಾರ್ಟಿನ ವಿಷಯ ಬಂದಾಗ ಅವರು ನಕ್ಕುಬಿಟ್ಟರು. “ಬುಗ್ಗಿ ನೋಡಾಕ ಅಷ್ಟು ರೊಕ್ಕ ಯಾಕಪ್ಪಾ? ಮಗಳನ್ನ ಕರಕೊಂಡು ನಮ್ಮೂರಿಗೆ ಬಾ. ಎಲ್ಲಾರೂ ಕೂಡಿ ಮಹಾನಂದಿಗೆ ಹೋಗೋಣ” ಎಂದರು. ಹೀಗೆ ಹೊರಟ ಪ್ರವಾಸ ಇದು. ಅದರ ವರ್ಣನೆಗಾಗಿ ಈ ಲೇಖನ ಬರೆಯುತ್ತಿಲ್ಲ. ಅಲ್ಲಿ ಕಂಡ ಒಂದು ಸಂಗತಿ ನಮ್ಮ ಕನ್ನಡ ಮನೆಗಳಿಗೆಲ್ಲ ಸಂಬಂಧಪಟ್ಟದ್ದೆಂದು ತೋರಿದ್ದರಿಂದ ಬರೆಯುತ್ತಿದ್ದೇವೆ.

ನಮ್ಮಂಥದೇ ಇನ್ನೊಂದು ಊರು

ನಮ್ಮವರು ಮಂತ್ರಾಲಯಕ್ಕೆ ಹೋಗುತ್ತಾರೆ. ರಾಯರ ದರ್ಶನವಾದ ಕೂಡಲೇ ಹಿಂದೆ ತಿರುಗುತ್ತಾರೆ. ಎಮ್ಮಿಗನೂರು ಅಲ್ಲಿಂದ ದೂರವಿಲ್ಲ. ಕರ್ನೂಲಿಗೆ ಹೋಗುವ ದಾರಿಯಲ್ಲಿದೆ. ಊರಿಗೆ ರೈಲಿಲ್ಲ. ಆದವಾನಿಯಲ್ಲಿ ಇಳಿದು ಸುಮಾರು 30 ಕಿ.ಮೀ. ಬಸ್ಸಿನಲ್ಲಿ ಹೋಗಬೇಕು. ಹತ್ತಿ, ಶೇಂಗಾ ಬೆಳೆಯುವ ಬಯಲು, ಮೇ ತಿಂಗಳ ಉರಿಬಿಸಿಲು, ನೀಲಕಂಠೇಶ್ವರನ ಗುಡಿ, ಕೈಮಗ್ಗದ ಓಣಿಗಳು. ಪದ್ಮಶ್ರೀ ಮಾಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘದಿಂದ ಈ ಊರಿನ ಹೆಸರು ದೂರದೂರಕ್ಕೆ ಹೋಯಿತು.

ಈ ಊರಿನ ಕಥೆಗೂ ನಮ್ಮ ಕಥೆಗೂ ಇರುವ ಹೋಲಿಕೆ ನಮ್ಮ ಮಕ್ಕಳಿಗೆ ತಿಳಿದಿಲ್ಲ. ಎಮ್ಮಿಗನೂರು ಸೇರಿದ್ದ ಆದವಾನಿ ತಾಲೂಕು ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆಗೆ ಹೋದವು. ಬಳ್ಳಾರಿಯೂ ಉಳಿದ ತಾಲೂಕುಗಳೂ ಮೈಸೂರಿಗೆ ಬಂದವು. ಮೂರು ವರ್ಷ ಕಳೆದು 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಕೊಡಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದನ್ನು ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಆದರೆ ನಮಗಿಂತ ಮೂರು ವರ್ಷ ಮೊದಲೇ ಹೊರಗುಳಿದ ಕನ್ನಡಿಗರು ಹೇಗಿದ್ದಾರೆಂದು ನಾವು ಎಂದಾದರೂ ಕೇಳಿದ್ದೇವೆಯೇ? ಕೇಳಿಲ್ಲ. ನಾವೂ ಬೆಂಗಳೂರಿನ ಕಡೆ ನೋಡುತ್ತೇವೆ, ಅವರೂ ಬೆಂಗಳೂರಿನ ಕಡೆ ನೋಡುತ್ತಾರೆ. ಒಬ್ಬರನ್ನೊಬ್ಬರು ನೋಡುವುದಿಲ್ಲ.

ಗೆಳೆಯರ ಮನೆಯಲ್ಲಿ ಕನ್ನಡವೇ ಮಾತು. ಅವರ ತಾಯಿ ನಮ್ಮ ಮಗಳನ್ನು “ಬಾರವ್ವ, ಕುಂದರು” ಎಂದು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಉಗ್ಗಾಣಿಯನ್ನೂ ಮೆಣಸಿನಕಾಯಿ ಬಜ್ಜಿಯನ್ನೂ ಬಡಿಸಿದರು. ನಮ್ಮವಳ “ಉಂಟು”, “ಮಾರಾಯ್ತಿ” ಕೇಳಿ ಅವರ ಮಗ ನಕ್ಕ. ಅವನ “ಐತಿ”, “ಹೋಗೂನು” ಕೇಳಿ ಇವಳು ನಕ್ಕಳು. ಅರ್ಧ ಗಂಟೆಯಲ್ಲಿ ಇಬ್ಬರೂ ಒಂದೇ ಮನೆಯ ಮಕ್ಕಳಾದರು.

ಸಂಜೆ ಆ ಅಜ್ಜಿ ಒಂದು ಕಬ್ಬಿಣದ ಪೆಟ್ಟಿಗೆ ತೆಗೆದು, ತೀರಿಕೊಂಡ ಯಜಮಾನರ ವಹಿಗಳನ್ನು ತೋರಿಸಿದರು. ಅವರು ಮಗ್ಗದ ಕೆಲಸದವರು. ಎಷ್ಟು ನೂಲು ತಂದರು, ಎಷ್ಟು ಟವೆಲು ನೇಯ್ದರು, ಕೂಲಿ ಎಷ್ಟು ಬಂತು ಎಂಬುದೆಲ್ಲ ದುಂಡಗಿನ ಕನ್ನಡ ಅಕ್ಷರದಲ್ಲಿದೆ. ನಡುನಡುವೆ ಭಜನೆಯ ಪದಗಳು; ಒಂದು ಪುಟದಲ್ಲಿ ಈ ಮೊಮ್ಮಗ ಹುಟ್ಟಿದ ದಿನ, ಗಳಿಗೆ. ಅಜ್ಜಿಗೆ ಓದು ಬಾರದು. ನಾವು ಆ ಹುಡುಗನ ಕೈಗೆ ವಹಿ ಕೊಟ್ಟು “ಓದಪ್ಪಾ, ನಿನ್ನ ಹೆಸರೇ ಇದೆ” ಎಂದೆವು. ಅವನು ತಂದೆಯ ಮುಖ ನೋಡಿದ. ತಂದೆ ನೆಲ ನೋಡಿದರು. ಆರನೆಯ ತರಗತಿ ಮುಗಿಸಿದ ಹುಡುಗ. ತೆಲುಗನ್ನು ಓಡಿಸಿಕೊಂಡು ಓದುತ್ತಾನೆ, ಇಂಗ್ಲಿಷನ್ನೂ ಓದುತ್ತಾನೆ. ಕನ್ನಡದ ಮನೆ, ಕನ್ನಡದ ಮೇಷ್ಟ್ರ ಮಗ. ಕನ್ನಡ ಅಕ್ಷರ ಮಾತ್ರ ಗೊತ್ತಿಲ್ಲ.

ಮಹಾನಂದಿಯಲ್ಲಿ

ಮರುದಿನ ಬೆಳಗಿನ ಬಸ್ಸಿಗೆ ಎರಡೂ ಸಂಸಾರ ಹೊರಟೆವು. ಎಮ್ಮಿಗನೂರಿನಿಂದ ಕರ್ನೂಲು, ಕರ್ನೂಲಿನಿಂದ ನಂದ್ಯಾಲ, ಅಲ್ಲಿಂದ ಇನ್ನೂ ಹದಿನೈದು ಹದಿನಾರು ಕಿ.ಮೀ. ಪೂರ್ವಕ್ಕೆ ಮಹಾನಂದಿ. ಹಿಂದೆ ಇದೆಲ್ಲ ಒಂದೇ ಕರ್ನೂಲು ಜಿಲ್ಲೆಯಾಗಿತ್ತು. 2022ರ ಏಪ್ರಿಲಿನಲ್ಲಿ ನಂದ್ಯಾಲ ಪ್ರತ್ಯೇಕ ಜಿಲ್ಲೆಯಾಯಿತು. ದಾರಿಯುದ್ದಕ್ಕೂ ಒಣಗಿದ ಬಯಲು. ಆದರೆ ನಲ್ಲಮಲ ಬೆಟ್ಟ ಎದುರಾಗುತ್ತಿದ್ದಂತೆ ಬಾಳೆಯ ತೋಟಗಳು ಬರುತ್ತವೆ. ಇಷ್ಟು ಹೊತ್ತು ಕಾಣದ ಹಸಿರು ಇದ್ದಕ್ಕಿದ್ದಂತೆ ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿದರು. ಅದಕ್ಕೆ ಉತ್ತರ ದೇವಸ್ಥಾನದ ಒಳಗಿತ್ತು.

ಬೆಟ್ಟದ ಕಾಡಿನ ಮೇಲೆ ಬಿದ್ದ ಮಳೆ ಬಂಡೆಯ ಬಿರುಕುಗಳಲ್ಲಿ ಇಳಿದು ತಪ್ಪಲಿನಲ್ಲಿ ಬುಗ್ಗೆಯಾಗಿ ಏಳುತ್ತದೆ. ನೀರು ಶಿವಲಿಂಗದ ಅಡಿಯಿಂದಲೇ ಹೊರಡುತ್ತದೆಂದು ಭಕ್ತರು ನಂಬುತ್ತಾರೆ. ಅದು ಗುಡಿಯೆದುರಿನ ರುದ್ರಕುಂಡಕ್ಕೆ ಬಂದು, ಅಲ್ಲಿಂದ ಹೊರಗಿನ ಬ್ರಹ್ಮಕುಂಡ, ವಿಷ್ಣುಕುಂಡಗಳಿಗೆ ಹರಿಯುತ್ತದೆ. ದೊಡ್ಡ ಕೊಳ ಸುಮಾರು 60 ಅಡಿ ಚೌಕ. ನೀರಿನ ಆಳ ಐದು ಅಡಿಯಷ್ಟು. ತಳದಲ್ಲಿ ಬಿದ್ದ ನಾಣ್ಯ ಮೇಲಿನಿಂದಲೇ ಕಾಣುವಷ್ಟು ತಿಳಿ. ಬೇಸಿಗೆಯ ಬಿಸಿಲಿಗೆ ತಂಪು, ಚಳಿಗಾಲದ ಮುಂಜಾನೆಗೆ ಬೆಚ್ಚಗೆ. ಒಳಗೆ ಬಂದಷ್ಟು ನೀರು ಹೊರಗೆ ಹೋಗುವಂತೆ ಹಳಬರು ಕಂಡಿ ಬಿಟ್ಟಿರುವುದರಿಂದ ಮಟ್ಟ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹೊರಗೆ ಹೋದ ನೀರು ಚರಂಡಿಗೆ ಸೇರದೆ ಕಾಲುವೆಯಾಗಿ ಸುಮಾರು 2,000 ಎಕರೆ ಭತ್ತ, ಬಾಳೆಗೆ ಉಣಿಸುತ್ತದೆ. ಊರ ಹೊರಗೆ ಕಂಡ ಹಸಿರಿಗೆ ಕಾರಣ ಇದೇ.

ನಮ್ಮ ಮಗಳು ನೀರಿಗೆ ಕಾಲಿಟ್ಟವಳೇ “ಅಪ್ಪಾ, ಇದು ಅಜ್ಜನ ಮನೆಯ ಸುರಂಗದ ನೀರಿನ ಹಾಗೆಯೇ ಉಂಟು” ಎಂದಳು. ಸುರಂಗವೆಂದರೇನೆಂದು ಆ ಹುಡುಗ ಕೇಳಿದ. ಬಾಯಾರು, ಪೈವಳಿಕೆ, ಎಣ್ಮಕಜೆಯ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಹಿರಿಯರು ನೀರು ತಂದ ಬಗೆಯನ್ನು, ಅಡಿಕೆ ಮರದ ದಂಬೆಯಲ್ಲಿ ಅದು ಅಂಗಳಕ್ಕೆ ಬೀಳುತ್ತಿದ್ದುದನ್ನು ಅವಳು ಕೈಯಲ್ಲಿ ತೋರಿಸಿ ತೋರಿಸಿ ಹೇಳಿದಳು. ಪಾಠಪುಸ್ತಕದಿಂದ ಕಲಿತದ್ದಲ್ಲ, ಮನೆಯಲ್ಲಿ ಕಂಡದ್ದು, ಆದುದರಿಂದ ತಡವರಿಸಲಿಲ್ಲ. ಅವಳು ಇಷ್ಟು ಚೆನ್ನಾಗಿ ಕನ್ನಡ ಮಾತಾಡಬಲ್ಲಳೆಂದು ನಮಗೇ ಅಂದು ಗೊತ್ತಾಯಿತು.

ಒಂದು ಮಧ್ಯಾಹ್ನದ ಪಾಠ

ನಾವು ಉಳಿದುಕೊಂಡ ಛತ್ರದ ಜಗುಲಿಯ ಎದುರು ತೆಲುಗು ಬೋರ್ಡುಗಳಿದ್ದವು. ಊಟವಾದ ಮೇಲೆ ಬಿಸಿಲಿಗೆ ಹೊರಗೆ ಹೋಗುವಂತಿಲ್ಲ. ಮಗಳು ಬೋರ್ಡು ನೋಡುತ್ತ “ಇದು ‘ಮಹಾನಂದಿ’ ಅಲ್ಲವಾ?” ಎಂದು ಬಿಡಿಸಿಬಿಡಿಸಿ ಓದತೊಡಗಿದಳು. ಅವಳು ತೆಲುಗು ಕಲಿತವಳಲ್ಲ. ಹುಡುಗನಿಗೆ ಆಶ್ಚರ್ಯ. “ನಿನಗ ಹೆಂಗ ಬರ್ತೈತಿ?” ಎಂದು ಕೇಳಿದ. “ನಮ್ಮ ಅಕ್ಷರದ ಹಾಗೆಯೇ ಉಂಟಲ್ಲ” ಎಂದಳು.

ಇದು ಮಕ್ಕಳ ಆಟದ ಮಾತಲ್ಲ. ಕನ್ನಡ, ತೆಲುಗು ಲಿಪಿಗಳು ಒಂದೇ ಹಳೆಯ ಲಿಪಿಯಿಂದ ಕವಲೊಡೆದವು. ಬಾದಾಮಿಯ ಚಾಲುಕ್ಯರ ಕಾಲದಲ್ಲಿ ಎರಡಕ್ಕೂ ಬರಹ ಒಂದೇ. ಗ, ಜ, ದ, ಬ, ಮ, ಲ ಮುಂತಾದ ಅಕ್ಷರಗಳ ಮೈ ಇಂದಿಗೂ ಹೆಚ್ಚುಕಡಿಮೆ ಅದೇ. ಕನ್ನಡದ ತಲೆಕಟ್ಟು ಮಲಗಿದ ಗೆರೆ, ತೆಲುಗಿನದು ಮೇಷ್ಟ್ರು ಸರಿಯುತ್ತರಕ್ಕೆ ಹಾಕುವ ಗುರುತಿನಂತೆ. ಕ, ತ, ಹ ಇಂಥ ಕೆಲವು ಅಕ್ಷರಗಳೂ ಇಳಿ, ಎತ್ವಗಳೂ ಮಾತ್ರ ದಾರಿ ತಪ್ಪಿಸುತ್ತವೆ.

ಮಗಳು ಒಂದು ಕಾಗದದಲ್ಲಿ ವರ್ಣಮಾಲೆ ಬರೆದಳು. ಹುಡುಗ ಪಕ್ಕದಲ್ಲಿ ತೆಲುಗಿನದನ್ನು ಬರೆದ. ಯಾವುದು ಒಂದೇ, ಯಾವುದು ಬೇರೆ ಎಂದು ಇಬ್ಬರೂ ಗೀಟು ಹಾಕಿದರು. ನಾವು ಇಬ್ಬರು ಕನ್ನಡ ಮೇಷ್ಟ್ರುಗಳು ನಿದ್ದೆ ಬಂದವರಂತೆ ಮಲಗಿ ಎಲ್ಲವನ್ನೂ ಕೇಳುತ್ತಿದ್ದೆವು. ಎದ್ದು ಕಲಿಸಲು ಹೋಗಿದ್ದರೆ ಅದು ತರಗತಿಯಾಗುತ್ತಿತ್ತು, ಹುಡುಗ ಓಡಿಹೋಗುತ್ತಿದ್ದ. ಸಂಜೆ ಸ್ನಾನಕ್ಕೆ ಹೋಗುವ ಹೊತ್ತಿಗೆ ಅವನು ತನ್ನ ಹೆಸರು, ತಂದೆಯ ಹೆಸರು, ಊರ ಹೆಸರು ಬರೆದಿದ್ದ. ‘ಕ’ ಎಲ್ಲಿ ಬಂದರೂ ಎಡವುತ್ತಿದ್ದ. ಮರುದಿನ ಅದೂ ಸರಿಯಾಯಿತು.

ಆ ರಾತ್ರಿ ಮಕ್ಕಳು ಮಲಗಿದ ಮೇಲೆ ಗೆಳೆಯರು ಮನಸ್ಸು ಬಿಚ್ಚಿದರು. ಅವರು ಕಲಿಸುವ ಶಾಲೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಮನೆಯ ಹತ್ತಿರದ್ದು ತೆಲುಗು ಶಾಲೆ. ಮಗುವನ್ನು ದಿನವೂ ಬಸ್ಸಿಗೆ ಹತ್ತಿಸಲಾರದೆ ಅಲ್ಲಿಗೇ ಸೇರಿಸಿದರು. ಮನೆಯಲ್ಲಿ ಕಲಿಸೋಣವೆಂದುಕೊಂಡದ್ದು ಇಂದು, ನಾಳೆ ಎಂದು ಮುಂದೆ ಹೋಯಿತು. 2019ರಲ್ಲಿ ಅಲ್ಲಿಯ ಸರಕಾರ ತನ್ನ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸಲು ಆಜ್ಞೆ ಹೊರಡಿಸಿದಾಗ ಕನ್ನಡ ಶಾಲೆಗಳ ಗತಿ ಏನೆಂದು ಎಲ್ಲರೂ ಹೆದರಿದ್ದರು. 2020ರ ಏಪ್ರಿಲಿನಲ್ಲಿ ಹೈಕೋರ್ಟು ಆ ಆಜ್ಞೆಯನ್ನು ರದ್ದುಮಾಡಿತು. “ಕೋರ್ಟು ರದ್ದುಮಾಡಿದ್ರೇನು? ಮಕ್ಕಳು ತಾವೇ ಕಡಿಮಿ ಆಗ್ಯಾರ. ನಮ್ಮಪ್ಪನ ವಹಿ ನನ್ನ ಮಗಗ ಓದಾಕ ಬರಂಗಿಲ್ಲ. ನಾ ಊರ ಮಂದಿಗೆ ಏನಂತ ಹೇಳಲಿ?” ಎಂದರು.

ಅವರಿಗೆ ಸಮಾಧಾನ ಹೇಳುವ ಯೋಗ್ಯತೆ ನಮಗಿರಲಿಲ್ಲ. ಎಂಟನೆಯ ತರಗತಿಗೆ ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವುದೆಂದು ನಾವೂ ನಮ್ಮ ಮನೆಯಾಕೆಯೂ ಆಗಲೇ ಮುಕ್ಕಾಲು ಪಾಲು ನಿಶ್ಚಯಿಸಿದ್ದೆವು. ಅರ್ಜಿಯ ಫಾರಂ ಮನೆಯ ಕಪಾಟಿನಲ್ಲಿತ್ತು. ಸಭೆಗಳಲ್ಲಿ ಕನ್ನಡ ಶಾಲೆ ಉಳಿಸಿರೆಂದು ಮಾತಾಡುವ ನಾವು ಆ ಫಾರಂ ಬಗ್ಗೆ ಯಾರಲ್ಲಿಯೂ ಹೇಳಿರಲಿಲ್ಲ. ಆ ರಾತ್ರಿ ಗೆಳೆಯರಲ್ಲಿ ಹೇಳಿದೆವು. ಈಗ ಓದುಗರಲ್ಲಿಯೂ ಹೇಳುತ್ತಿದ್ದೇವೆ.

ನಮ್ಮ ಅಭಿಪ್ರಾಯ

ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350 ಎ ವಿಧಿ ಹೇಳುತ್ತದೆ. ಅದು ಸಂವಿಧಾನಕ್ಕೆ ಸೇರಿದ್ದು 1956ರಲ್ಲಿ, ನಾವು ಈ ರಾಜ್ಯಕ್ಕೆ ಸೇರಿದ ವರ್ಷವೇ. ಆ ಹಕ್ಕಿಗಾಗಿ ಹೋರಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಪಾಠಪುಸ್ತಕ ತಡವಾದರೆ ಕೇಳಬೇಕು, ಕನ್ನಡ ಬಾರದ ಅಧ್ಯಾಪಕರನ್ನು ಕಳುಹಿಸಿದರೆ ಪ್ರತಿಭಟಿಸಬೇಕು. ಆದರೆ ಸರಕಾರ ಕೊಡಬೇಕಾದದ್ದು ಶಾಲೆ; ಅಕ್ಷರದ ಆಸೆಯನ್ನು ಕೊಡಬೇಕಾದದ್ದು ಮನೆ. ಕನ್ನಡ ನಮ್ಮ ಮನೆಗಳಲ್ಲಿ ಮಾತಾಗಿ ಇದೆ; ತುಳು, ಹವ್ಯಕ, ಕೊಂಕಣಿ, ಮರಾಠಿ ಆಡುವ ಮನೆಗಳಲ್ಲಿ ಓದುಬರಹವಾಗಿ ಇದೆ. ಸಭೆ, ಠರಾವು, ಮನವಿಗಳಲ್ಲಿ ಬೇಕಾದಷ್ಟು ಇದೆ. ಮಹಾನಂದಿಯ ನೀರು ಕುಂಡದಿಂದ ಗದ್ದೆಗೆ ಹೋಗುವಂತೆ ಅದು ಮಕ್ಕಳ ಕೈಗೆ ಹೋಗುತ್ತಿದೆಯೇ ಎಂಬುದು ಪ್ರಶ್ನೆ.

ಎರಡು ಆಕ್ಷೇಪಗಳು ಬರಬಹುದು. ಅಕ್ಷರ ಕಲಿತ ಮಾತ್ರಕ್ಕೆ ಭಾಷೆ ಉಳಿಯಿತೇ ಎಂದು ಒಬ್ಬರು ಕೇಳಿಯಾರು. ಉಳಿಯಲಿಕ್ಕಿಲ್ಲ. ಆದರೆ ಅಕ್ಷರವೇ ಗೊತ್ತಿಲ್ಲದಿದ್ದರೆ ಉಳಿಯುವ ದಾರಿಯೇ ಇಲ್ಲ. ಅಲ್ಲಿಯ ಮಕ್ಕಳಿಗೆ ತೆಲುಗು ಲಿಪಿ ಗೊತ್ತಿದ್ದುದರಿಂದ ಸುಲಭವಾಯಿತು, ಮಲಯಾಳ ಲಿಪಿಯ ರೂಪವೇ ಬೇರೆ ಎಂದು ಇನ್ನೊಬ್ಬರು ಹೇಳಿಯಾರು. ರೂಪ ಬೇರೆ, ನಿಜ. ಆದರೆ ಅ ಆ ಇ ಈ, ಕ ಖ ಗ ಘ ಎಂಬ ಕ್ರಮ ಒಂದೇ, ಒತ್ತಕ್ಷರ ಕೂಡಿಸುವ ರೀತಿಯ ಅರಿವೂ ಇರುತ್ತದೆ. ಮಲಯಾಳ ಓದಬಲ್ಲ ಕನ್ನಡ ಮನೆಯ ಮಗುವಿಗೆ ದಿನಕ್ಕೆ ಅರ್ಧ ಗಂಟೆಯಂತೆ ಒಂದು ಬೇಸಿಗೆಯ ರಜೆ ಸಾಕೆಂದು ಇಷ್ಟು ವರ್ಷ ಅಕ್ಷರ ಕಲಿಸಿದ ಅನುಭವದಿಂದ ಹೇಳುತ್ತೇವೆ. ಬೇಕಾದದ್ದು ಮೇಷ್ಟ್ರಲ್ಲ, ಜೊತೆಗೆ ಕಲಿಯುವ, ಆಡುವ, ಗೇಲಿ ಮಾಡುವ ಇನ್ನೊಂದು ಮಗು.

ಆದುದರಿಂದ ಓದುಗರಲ್ಲಿ ನಮ್ಮದೊಂದು ಬಿನ್ನಹ. ಮುಂದಿನ ರಜೆಗೆ ರೆಸಾರ್ಟಿಗೆ ಹೋಗುವವರು ಹೋಗಲಿ, ದುಡ್ಡಿದ್ದವರನ್ನು ತಡೆಯುವವರು ನಾವಲ್ಲ. ಅಲ್ಲಿ ಮಗು ನೀರನ್ನು ನೋಡುತ್ತದೆ. ಆದರೆ ಆ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಹೇಳುವವರಿಲ್ಲ, ಜೊತೆಗೆ ಮಾತಾಡುವವರೂ ಇಲ್ಲ. ಉಳಿದವರು ಒಂದು ಸಂಸಾರ ಆದವಾನಿಯ ಕಡೆಗೆ, ಅಲ್ಲಿಯ ಒಂದು ಸಂಸಾರ ನಮ್ಮ ಕಡೆಗೆ ಎಂಬಂತೆ ಏರ್ಪಾಡು ಮಾಡಿಕೊಳ್ಳಬಾರದೇಕೆ? ಅವರು ನಮ್ಮ ಸಮುದ್ರ, ಬೇಕಲದ ಕೋಟೆ, ಗುಡ್ಡದ ಸುರಂಗ ನೋಡಲಿ. ನಾವು ಅವರ ಮಗ್ಗ, ಅವರ ಜೋಳದ ಹೊಲ, ಮಹಾನಂದಿಯ ಬುಗ್ಗೆ ನೋಡೋಣ. ಖರ್ಚು ರೈಲು, ಬಸ್ಸಿನದು ಮಾತ್ರ. ಊಟ, ಮಲಗುವ ಚಾಪೆ ಎರಡೂ ಕಡೆ ಇದೆ. ಹೋಗುವಾಗ ಮಕ್ಕಳ ಕಥೆಪುಸ್ತಕ ನಾಲ್ಕಾದರೂ ಚೀಲದಲ್ಲಿರಲಿ. ಕನ್ನಡ ಅಧ್ಯಾಪಕರು, ಗ್ರಂಥಾಲಯದವರು ಮನಸ್ಸು ಮಾಡಿದರೆ ಹತ್ತು ಮನೆಗಳ ಪಟ್ಟಿ ಮಾಡುವುದು ಒಂದು ಆದಿತ್ಯವಾರದ ಕೆಲಸ. ಆ ಕಡೆಯ ಪಟ್ಟಿ ಮಾಡುವುದಾಗಿ ಗೆಳೆಯರು ಒಪ್ಪಿದ್ದಾರೆ.

ಜೂನ್ ತಿಂಗಳಲ್ಲಿ ಶಾಲೆ ತೆರೆದ ಎರಡನೆಯ ವಾರ ನಮ್ಮ ಮಗಳ ಹೆಸರಿಗೆ ಎಮ್ಮಿಗನೂರಿನಿಂದ ಒಂದು ಕಾರ್ಡು ಬಂತು. ಎಂಟು ಸಾಲು ಕನ್ನಡ. ಅರ್ಧ ಅಕ್ಷರಗಳಿಗೆ ತೆಲುಗಿನ ತಲೆಕಟ್ಟು. ಅಜ್ಜನ ವಹಿಯಲ್ಲಿ ಹದಿಮೂರು ಪುಟ ಓದಿರುವುದಾಗಿಯೂ, ತಾನು ಹುಟ್ಟಿದ ದಿನ ಅಜ್ಜ ಮಗ್ಗಕ್ಕೆ ಹೋಗಲಿಲ್ಲವೆಂದು ಅದರಲ್ಲಿ ಬರೆದಿರುವುದಾಗಿಯೂ, ಅದನ್ನು ಓದಿ ಹೇಳಿದಾಗ ಅಜ್ಜಿ ಅತ್ತಳೆಂದೂ ಹುಡುಗ ಬರೆದಿದ್ದ. ತಪ್ಪುಗಳಿದ್ದವು. ಕೆಂಪು ಶಾಯಿಯ ಪೆನ್ನು ನಮ್ಮ ಜೇಬಿನಲ್ಲಿಯೇ ಇತ್ತು, ಹೊರಗೆ ತೆಗೆಯಲಿಲ್ಲ.

ಕಪಾಟಿನ ಫಾರಂ ಅಲ್ಲಿಯೇ ಉಳಿಯಿತು. ಮಗಳು ಎಂಟನೆಯ ತರಗತಿಯನ್ನು ಕನ್ನಡ ಮಾಧ್ಯಮದಲ್ಲಿಯೇ ಓದುತ್ತಿದ್ದಾಳೆ. ಇದನ್ನು ತ್ಯಾಗವೆಂದು ಹೇಳಿಕೊಳ್ಳುವುದಿಲ್ಲ. ಮುಂದೆ ಅವಳಿಗೆ ಕಷ್ಟವಾದೀತೇ ಎಂಬ ಹೆದರಿಕೆ ನಮಗೂ ಇದೆ. ಆದರೆ ನಮ್ಮ ಮನೆಯ ಕಪಾಟಿನಲ್ಲಿಯೂ ಅವಳ ಅಜ್ಜನ ವಹಿಗಳಿವೆ. ಓದುಗರ ಮನೆಗಳಲ್ಲಿಯೂ ಇರಬಹುದು. ರಜೆ ಬರುವ ಮೊದಲು ಅವನ್ನು ಒಮ್ಮೆ ಹೊರಗೆ ತೆಗೆದು ಮಕ್ಕಳ ಕೈಗೆ ಕೊಟ್ಟು ನೋಡಿರೆಂದು ಕೇಳಿಕೊಳ್ಳುತ್ತೇವೆ. ಮಗು ಓದಿದರೆ ಸಂತೋಷ. ಓದದಿದ್ದರೆ ರಜೆಯಲ್ಲಿ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ನಮ್ಮಲ್ಲಿ ಒಂದು ವಿಳಾಸ ಇದೆ.